ಗ್ಯಾಸಿನ ಒಪ್ಪತ್ತು

ಅದು ನಡೆದದ್ದು ಸೋಮವಾರ ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹಾಗಿರಲು ಸಾಧ್ಯವೇ ಇಲ್ಲ ಎಂಬುದು ಮೊನ್ನೆ ಜಲನಗರದ ಮನೆಯಿಂದ ಹೊರಟು, ತಿಕೋಟಾದ ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು.

ತಿಕೋಟಾದಲ್ಲಿ ನನ್ನ ಅಕ್ಕ ಒಣದ್ರಾಕ್ಷಿಯ ಕಾರ್ಖಾನೆ ನಡೆಸುತ್ತಾಳೆ. ರೈತರು ತೋಟದ ಶೆಡ್ಡಿನಲ್ಲಿ ಒಣಗಿಸಿದ ಹಣ್ಣನ್ನು ಇಲ್ಲಿ ತೊಟ್ಟು ಬಿಡಿಸಿ, ತೊಳೆದು, ಬಿಸಿಗಾಳಿಯ ಡ್ರೈಯರಿನಲ್ಲಿ ಮತ್ತೆ ಆರಿಸುತ್ತಾರೆ. ಗಾಳಿ ಕಾಯಿಸುವ ಬರ್ನರು ಉರಿಯುವುದು ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದಿಂದ. ಪೈಪು ಬಂದ ಮೇಲೂ ಅಕ್ಕ ಹಿತ್ತಲಲ್ಲಿ ಒಂದು ಎಲ್‌ಪಿಜಿ ಟ್ಯಾಂಕು ಇಡಿಸಿದಳು. ಎಲ್‌ಪಿಜಿ ಪೈಪಿನ ಗ್ಯಾಸಿಗಿಂತ ಗಟ್ಟಿ. ಅದನ್ನು ಕಾಯಿಸಿ ಆವಿ ಮಾಡಿ, ಅಳತೆಯ ಗಾಳಿ ಬೆರೆಸಿದರೆ ಅದೇ ಬರ್ನರಿಗೆ ಒಗ್ಗುತ್ತದೆ. ಅದಕ್ಕೆಂದೇ ಒಂದು ಯಂತ್ರವಿದೆ. "ಗಟ್ಟಿ ಮಜ್ಜಿಗಿಗೆ ನೀರು ಹಾಕಿದಂಗ, ತಿಳೀತಿಲ್ಲ?" ಎಂದು ಅಕ್ಕ ನನಗೆ ಪಾಠ ಮಾಡಿದ್ದಳು.

ಅಕ್ಕ ಸೋಮವಾರ ಒಪ್ಪತ್ತು ಮಾಡುತ್ತಾಳೆ, ರಾತ್ರಿ ಒಂದೇ ಊಟ. ಅಂದು ಪೈಪಿನ ಗ್ಯಾಸಿಗೂ ಒಪ್ಪತ್ತು. ಬೆಳಿಗ್ಗೆ ಅದರ ವಾಲ್ವು ಮುಚ್ಚಿ, ಸಂಜೆಯವರೆಗೆ ಹಿತ್ತಲ ಟ್ಯಾಂಕಿನ ಮೇಲೆಯೇ ಕಾರ್ಖಾನೆ ನಡೆಸುವುದು ಅಲ್ಲಿಯ ಪದ್ಧತಿ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ ಬಂದ ನನಗೆ ಇದು ಹಿಡಿಸಿರಲಿಲ್ಲ.

"ಸೋವಿ ಗ್ಯಾಸು ಬಾಗಲಾಗ ಇಟಗೊಂಡು ತುಟ್ಟಿ ಗ್ಯಾಸು ಸುಡತಿಯಲ್ಲ, ಅಕ್ಕಾ!"

"ತಿರುವಲಾರದ ವಾಲ್ವು ಬೇಕಾದ ದಿನ ತಿರಗೂದಿಲ್ಲಲೇ ತಮ್ಮಾ. ನಿನ್ನ ಸೈಕಲ್ಲಿನ ಕೀಲಿ ಜಂಗ್ ಹಿಡಿದು ಸಾಲಿಗೆ ನಡಕೋತ ಹೋಗಿದ್ದು ಮರತಿಯೇನ?"

ಮರೆತಿದ್ದೆ. ಅವಳು ಆ ಗಳಿಗೆಗೆ ಕಟ್ಟಿ ಹೇಳಿದ್ದೂ ಇರಬಹುದು.

ಹೋದ ಸುಗ್ಗಿಯಲ್ಲಿ ಜೈನಾಪುರದ ರೈತನೊಬ್ಬ ತನ್ನ ಹೊಸ ತೋಟದ ಮೊದಲ ಬೆಳೆ ತಂದಿದ್ದ. ಬಳ್ಳಿ ಹಚ್ಚಿ, ಚಪ್ಪರ ಕಟ್ಟಿ, ವರ್ಷಗಟ್ಟಲೆ ಕಾದ ಫಸಲು ಪೂರ್ತಿ ಅಂದು ತೊಳೆದು ಒದ್ದೆಯಾಗಿ ಡ್ರೈಯರಿನಲ್ಲಿತ್ತು. ಆ ಹೊತ್ತಿನಲ್ಲಿ ಬಿಸಿ ನಿಂತರೆ ಹಣ್ಣು ಅಂಟಿಕೊಂಡು ಹುಳಿಯಾಗುತ್ತದೆ, ಹಸಿರು ಹೋಗಿ ಕಪ್ಪಾಗುತ್ತದೆ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಊಟಕ್ಕೆ ಹೊರಗೆ ಹೋಗದೆ ಡ್ರೈಯರಿನ ಬಾಗಿಲ ಬಳಿಯೇ ರೊಟ್ಟಿಯ ಗಂಟು ಬಿಚ್ಚಿ ಕುಳಿತಿದ್ದ.

ಅಕ್ಕನಿಗೆ ಫೋನು ಬಂತು. ರಸ್ತೆ ಅಗೆಯುತ್ತಿದ್ದ ಜೆಸಿಬಿ ಪೈಪಿಗೆ ತಾಗಿದೆಯಂತೆ, ಗ್ಯಾಸು ನಿಲ್ಲಿಸುತ್ತಿದ್ದಾರಂತೆ. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ರೈತ ಮುಖ ನೋಡಿದ.

"ಏನಾತ್ರಿ ಅಕ್ಕಾರ?"

"ಏನಿಲ್ರಿ ಕಾಕಾ. ಇವತ್ತೂ ಸೋಮವಾರ ಆತು, ಅಷ್ಟ," ಎನ್ನುತ್ತ ಅವಳು ಹಿತ್ತಲ ಟ್ಯಾಂಕಿನತ್ತ ನಡೆದಳು.

ರೈತನ ಕೈ ಬಾಯಿಯ ಹತ್ತಿರವೇ ನಿಂತಿತು. "ಯಪ್ಪಾ ಶಿವನ! ಸೋಮವಾರನ? ನಂದೂ ಒಪ್ಪತ್ತು ಐತ್ರಿ, ಉಣ್ಣಾಕ ಕುಂತೇನಲ್ಲ!"

ತಿದ್ದಬೇಕೆಂದುಕೊಂಡೆ. ಆದರೆ ಅಷ್ಟು ಖಚಿತವಾಗಿ ಒಬ್ಬರು ಹೇಳಿದ ಮೇಲೆ ವಾರ ಯಾವುದೆಂದು ನನಗೇ ಅನುಮಾನ ಬಂತು. ಅಷ್ಟರಲ್ಲಿ ಅವನು ಕೈಯಲ್ಲಿದ್ದ ರೊಟ್ಟಿಯನ್ನು ಬಾಗಿಲ ಹೊರಗಿನ ನಾಯಿಗೆ ಹಾಕಿಬಿಟ್ಟಿದ್ದ.

ನಾನು ಬರ್ನರಿನ ಕಿಂಡಿಯಲ್ಲಿ ಕಣ್ಣಿಟ್ಟು ನಿಂತೆ. ಜ್ವಾಲೆ ಕುಗ್ಗಿತು, ಹಳದಿಯಾಗಿ ಒಮ್ಮೆ ಹೊಯ್ದಾಡಿತು, ಮತ್ತೆ ನೀಲಿಗೆ ತಿರುಗಿತು ಎಂದು ನನ್ನ ನೆನಪು ಹೇಳುತ್ತದೆ. ಸಂಜೆ ಅಕ್ಕ ಒಂದು ಹಿಡಿ ದ್ರಾಕ್ಷಿಯನ್ನು ರೈತನ ಅಂಗೈಗೆ ಸುರಿದಳು. ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉರುಳಿದ ಹಸಿರು ಹಣ್ಣು. ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ, ಅದರಲ್ಲಿ ಎರಡು ನಾನೂ ತಿಂದಿದ್ದೆ.

ಬಸ್ಸಿನಲ್ಲಿ ಹೊಳೆದದ್ದು ಇಷ್ಟೇ: ಅದು ನಿಜವಾಗಿ ಸೋಮವಾರವಾಗಿದ್ದರೆ ಪೈಪಿನ ವಾಲ್ವು ಬೆಳಿಗ್ಗೆಯೇ ಮುಚ್ಚಿರುತ್ತಿತ್ತು, ಅಕ್ಕ ಏಳಬೇಕಾಗಿಯೇ ಇರಲಿಲ್ಲ. ಅವಳ ಒಂದು ಮಾತು ನನ್ನ ತಲೆಯಲ್ಲಿ ವಾರವನ್ನೇ ಬದಲಿಸಿತ್ತು. ಕಾರ್ಖಾನೆಗೆ ಹೋದವನೇ ಜ್ವಾಲೆಯ ವಿಷಯ ಕೇಳಿದೆ.

"ಹಳದಿ? ಎಲ್ಲೀ ಹಳದಿ? ಇದ್ದಂಗ ಇತ್ತು," ಎಂದು ಅಕ್ಕ ನಕ್ಕಳು. "ಉರಿ ಅಳ್ಳಾಡಿದ್ರ ನನ್ನ ಒಪ್ಪತ್ತಿಗೆ ಏನು ಬೆಲಿ ಬಂತೋ?"

ಅವಳು ಹೇಳಿದ್ದೇ ನಿಜವಿರಬೇಕು. ಏನೋ ಆಗಿಯೇ ತೀರುತ್ತದೆ ಎಂದು ಕಾಯುತ್ತಿದ್ದ ನನ್ನ ಕಣ್ಣು, ಏನೂ ಆಗದಿದ್ದಾಗ ತಾನೇ ಒಂದು ಹಳದಿಯನ್ನು ಹಚ್ಚಿಕೊಂಡಿದೆ. ಕಣ್ಣಿಗೆ ಕಾಣದಷ್ಟು ನಯವಾಗಿ ಒಂದು ಉರಿಯ ಜಾಗದಲ್ಲಿ ಇನ್ನೊಂದನ್ನು ತಂದು ನಿಲ್ಲಿಸಿದವಳ ಮೇಲೆ ನನಗೆ ಹೊಟ್ಟೆಕಿಚ್ಚಿನಷ್ಟೇ ಮೆಚ್ಚುಗೆ.

ಜೈನಾಪುರದ ರೈತ ಈ ಸಲದ ಬೆಳೆ ತಂದು ಅಲ್ಲೇ ಕುಳಿತಿದ್ದ. ಹೋದ ವರ್ಷ ಗ್ಯಾಸು ನಿಂತಾಗ ಎಷ್ಟು ಹೆದರಿದ್ದಿರಿ ಎಂದು ಕೇಳಿದೆ.

"ಗ್ಯಾಸು ನಿಂತಿತ್ತ? ಯಾವಾಗ್ರಿ?" ಎಂದ. "ನನಗ ಗೊತ್ತ ಇಲ್ಲ ನೋಡ್ರಿ. ಅವತ್ತ ನಂದೊಂದು ರೊಟ್ಟಿ ನಾಯಿ ಪಾಲಾತು. ಬ್ಯಾರೇ ಏನೂ ಕೆಡಲಿಲ್ಲ."