ಕಿಜ್ಜಿಯ ಕೂದಲಿನ ಮಹಿಮೆ

ಕಲ್ಲಿದ್ದಲ ಗಣಿಗಳಿದ್ದ ಕ್ರೇನ್ ಲಿಕ್ ಕಣಿವೆಯಲ್ಲಿ ಕೆಜಾಯಾ ಫ್ಯೂಗೇಟ್ ಯಾರೆಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಕಿಜ್ಜಿ ಎಂದರೆ ಸಾಕು, ಕೈ ತಾನಾಗಿಯೇ ತಲೆಯಿಂದ ಪಾದದವರೆಗೆ ಇಳಿದು ತೋರಿಸುತ್ತಿತ್ತು: ಓ, ಅಷ್ಟುದ್ದ ಕೂದಲಿನವಳಾ? ನಲವತ್ತೊಂದು ವರ್ಷ, ಮದುವೆಯಿಲ್ಲ, ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ. ಬೀನ್ಸ್ ಹದವಾಗಿ ಬೇಯಿಸುತ್ತಿದ್ದಳು, ಯಾರ ತಂಟೆಗೂ ಹೋಗುತ್ತಿರಲಿಲ್ಲ. ವಿಷಯ ಇಷ್ಟೇ ಆಗಿದ್ದರೆ ಅವಳ ಬಗ್ಗೆ ಬರೆಯುವ ಉಸಾಬರಿ ನನಗೆ ಬೇಕಿರಲಿಲ್ಲ.

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂಬ ಗಾದೆಯಿದೆ. ಅದನ್ನು ಕಟ್ಟಿದವರು ಮೊಣಕಾಲು ದಾಟಿದ ಕೂದಲನ್ನು ನೆತ್ತಿಯ ಮೇಲೆ ಹೊತ್ತುಕೊಂಡು, ಜೂನ್ ತಿಂಗಳ ಸೆಕೆಯಲ್ಲಿ ಮುನ್ನೂರು ತಟ್ಟೆ ತೊಳೆದವರಲ್ಲ. ಕಿಜ್ಜಿಗೆ ಕತ್ತು ನೋವು ಹುಟ್ಟಿನಿಂದ ಬಂದ ಮಚ್ಚೆಯ ಹಾಗೆ ಅಂಟಿಕೊಂಡಿತ್ತು. ಆದರೆ ಕತ್ತರಿಸುವ ಮಾತೇ ಇರಲಿಲ್ಲ. ಅವರ ಕ್ರೈಸ್ತ ಸಭೆಯಲ್ಲಿ ಹೆಂಗಸರ ತಲೆಗೆ ಕತ್ತರಿ ಸೋಕುವಂತಿಲ್ಲ. ಸ್ತ್ರೀಗೆ ಕೂದಲೇ ಮಹಿಮೆ ಎಂದು ಬೈಬಲಿನಲ್ಲಿ ಪೌಲನ ಪತ್ರಿಕೆಯಲ್ಲಿ ಬರೆದಿದೆ. ಅಲ್ಲೇ ದೇವದೂತರ ಮಾತೂ ಬರುತ್ತದೆ. ಪೌಲನು ಅಷ್ಟಕ್ಕೆ ನಿಲ್ಲಿಸಿದ್ದ. ಕ್ರೇನ್ ಲಿಕ್‌ನವರು ಮುಂದುವರಿಸಿದರು. ಕತ್ತರಿ ಸೋಕದ ಕೂದಲಿನಲ್ಲಿ ದೇವದೂತರು ಬಂದು ಕೂರುತ್ತಾರೆ, ಕತ್ತರಿಸಿದರೆ ಎದ್ದು ಹೋಗುತ್ತಾರೆ, ಹೋಗುವಾಗ ಮನೆಯ ಕಾವಲನ್ನೂ ಕೊಂಡೊಯ್ಯುತ್ತಾರೆ. ಯಾರಿಗಾದರೂ ಕಾಯಿಲೆಯಾದರೆ ಹೆಂಗಸರು ತುರುಬು ಬಿಚ್ಚಿ, ರೋಗಿಯ ಮೈಮೇಲೆ ಕೂದಲು ಹರಡಿ ಪ್ರಾರ್ಥಿಸುತ್ತಿದ್ದರು. ಕೆಲವರು ವಾಸಿಯಾಗುತ್ತಿದ್ದರು. ಉಳಿದವರಿಗೆ ನಂಬಿಕೆ ಸಾಲದಾಗಿತ್ತು ಎಂದು ಆಮೇಲೆ ಗೊತ್ತಾಗುತ್ತಿತ್ತು.

ಕಿಜ್ಜಿಯ ಅವ್ವ ಆರ್ಲೀನಾ ಈ ವಿಷಯದಲ್ಲಿ ಪಾದ್ರಿ ಎಸ್ಟಿಲ್‌ಗಿಂತ ಒಂದು ಕೈ ಮೇಲು. ಪ್ರತಿ ಶನಿವಾರ ಮಗಳನ್ನು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಹೊಲಿಗೆಯ ಟೇಪು ಹಿಡಿದು ಕೂದಲು ಅಳೆಯುತ್ತಿದ್ದಳು. ಬೇರೆ ಮನೆಗಳ ಬಾಗಿಲುಪಟ್ಟಿಯ ಮೇಲೆ ಮಕ್ಕಳ ಎತ್ತರದ ಪೆನ್ಸಿಲ್ ಗೆರೆಗಳು ಮೇಲೇರುತ್ತವೆ. ಆ ಮನೆಯಲ್ಲಿ ಗೆರೆಗಳು ಕೆಳಗಿಳಿಯುತ್ತಿದ್ದವು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಕಿಜ್ಜಿ ಒಂದು ತಪ್ಪು ಮಾಡಿದಳು. ಅಪ್ಪನ ತಂಗಿ ವೇಡಾ ಪೇಟೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಸಭೆಯವರ ಲೆಕ್ಕದಲ್ಲಿ ಅದಕ್ಕಿಂತ ಹೆಂಡದಂಗಡಿ ಎಷ್ಟೋ ಮೇಲು. ಒಂದು ದಿನ ಕಿಜ್ಜಿ ಅಲ್ಲಿಗೆ ಹೋದಾಗ ವೇಡಾ, “ತುದಿಯೆಲ್ಲಾ ಸೀಳಿ ಪೊರಕೆ ಆಗಿದೆಯಲ್ಲೇ, ಇಷ್ಟೇ ಇಷ್ಟು ತೆಗೀತೀನಿ, ದೇವ್ರಿಗೂ ಗೊತ್ತಾಗಲ್ಲ” ಎಂದು ಬೆರಳಿನ ಒಂದು ಗೆಣ್ಣಿನಷ್ಟು ಕತ್ತರಿಸಿದಳು. ಅದೇ ದಿನ ಗಣಿಯಲ್ಲಿ ಮೇಲ್ಗಲ್ಲು ಕುಸಿದು ಕಿಜ್ಜಿಯ ಅಪ್ಪ ಹೋಬರ್ಟ್ ಸತ್ತ.

“ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಕಣೇ, ಅಷ್ಟೇ” ಎಂದು ವೇಡಾ ಅತ್ತೆ ಮಣ್ಣು ಮಾಡುವ ಜಾಗದಲ್ಲೇ ಅವಳನ್ನು ತಬ್ಬಿಕೊಂಡು ಹೇಳಿದಳು. ಆರ್ಲೀನಾ ಶನಿವಾರ ಟೇಪು ತೆಗೆದಳು, ಅಳೆದಳು, ಹೊಸ ಗೆರೆ ಹಳೆಯ ಗೆರೆಗಿಂತ ಒಂದು ಗೆಣ್ಣು ಮೇಲೆ ಬಿದ್ದದ್ದನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ಅದಕ್ಕೇ” ಎಂದಳು. ಆ ಒಂದು ಮಾತು ಇಪ್ಪತ್ತೆರಡು ವರ್ಷಕ್ಕೆ ಸಾಕಾಯಿತು. ಕಿಜ್ಜಿ ಪೇಟೆಗೆ ಹೋಗುವುದನ್ನು ಬಿಟ್ಟಳು. ಮದುವೆಯಾಗುತ್ತೇನೆಂದು ಬಂದ ಒಬ್ಬನನ್ನೂ ಬೇಡ ಎಂದಳು. ಅಪ್ಪನನ್ನು ಕೊಂದವಳಿಗೆ ಗಂಡನೇಕೆ?

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಇಂಥ ಮಾತಿನ ಜೊತೆ ಬದುಕಿದರೆ ತಲೆ ನೆಟ್ಟಗಿರುವುದಿಲ್ಲ. ಕೂದಲು ತನ್ನ ಯೋಚನೆಗಳನ್ನು ಕೇಳಿಸಿಕೊಂಡು ಅವ್ವನಿಗೆ ಹೇಳುತ್ತದೆ ಎಂಬುದು ಕಿಜ್ಜಿಗೆ ಯಾವಾಗಲೋ ಖಾತ್ರಿಯಾಗಿತ್ತು. ಬೆಳಿಗ್ಗೆ ಅವ್ವ ಬಾಚುವಾಗ ಬಾಚಣಿಗೆ ಒಂದು ಕಡೆ ತಡೆದು ನಿಂತರೆ, ಇದೋ, ನಿನ್ನೆ ನಾನು ಅಂದುಕೊಂಡದ್ದು ಗೊತ್ತಾಯಿತು ಎಂದು ಅವಳ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಒದ್ದೆ ಕೂದಲಿಗೆ ಕಿವಿ ಕೇಳುವುದಿಲ್ಲ. ಇದನ್ನು ಅವಳೇ ಕಂಡುಹಿಡಿದಿದ್ದಳು. ಹಾಗಾಗಿ ಕೆಟ್ಟ ಯೋಚನೆಗಳನ್ನೆಲ್ಲ ತಲೆಗೆ ಸ್ನಾನ ಮಾಡುವ ದಿನಕ್ಕೆ ಕೂಡಿಟ್ಟುಕೊಳ್ಳುತ್ತಿದ್ದಳು. ಅಷ್ಟು ಕೂದಲು ಒಣಗಲು ಅರ್ಧ ದಿನ ಬೇಕು, ಅರ್ಧ ದಿನ ಮನಸಾರೆ ಯೋಚಿಸಬಹುದು.

ಆ ವರ್ಷ ಫೆಬ್ರವರಿಯಲ್ಲಿ ಆರ್ಲೀನಾ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಳು. ಡಾಕ್ಟರ ಹೆಸರು ಎತ್ತಿದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಸಭೆಯ ಹೆಂಗಸರು ಬಂದು ಹಾಡಿದರು. ಕಿಜ್ಜಿ ಮಂಚದ ಪಕ್ಕದಲ್ಲಿ ಮೊಣಕಾಲೂರಿ ಅವ್ವನ ಎದೆಯ ಮೇಲೆ ಕೂದಲು ಹರಡಿದಳು. ಒಂದು ದಿನ, ಎರಡು ದಿನ. ಅವ್ವ ಕೆಮ್ಮಿದಾಗಲೆಲ್ಲ ಕೂದಲು ಅವಳ ಮುಷ್ಟಿಯಲ್ಲಿ ಬಿಗಿಯುತ್ತಿತ್ತು, ಕಿಜ್ಜಿಯ ತಲೆ ಹಾಸಿಗೆಗೆ ಬಾಗುತ್ತಿತ್ತು. ಮೂರನೆಯ ದಿನ ಕಿಜ್ಜಿ ಎದ್ದು, “ಕೂದಲು ತೊಳ್ಕೊಂಡು ಬರ್ತೀನಿ, ಶುದ್ಧವಾಗಿರ್ಬೇಕು” ಎಂದು ಒಳಗೆ ಹೋದಳು. ಶ್ರದ್ಧೆ ಅಂದರೆ ಇದು ಎಂದು ಹೆಂಗಸರು ತಲೆದೂಗಿದರು.

ಒದ್ದೆ ಕೂದಲಿನಲ್ಲಿ ಅವಳು ಸರಿಯಾಗಿ ಯೋಚಿಸಿದಳು. ಅಪ್ಪನಿಗೆ ಒಂದು ಗೆಣ್ಣು ಸಾಕಾಗಿತ್ತು. ಅವ್ವ ಗಟ್ಟಿ ಜೀವ, ನಾಲ್ಕು ಬೆರಳಗಲ ಬೇಕಾದೀತು. ಹೊಲಿಗೆಯ ಕತ್ತರಿ ತೆಗೆದುಕೊಂಡು ಸುತ್ತಲೂ ನಾಲ್ಕು ಬೆರಳಗಲ ಕತ್ತರಿಸಿ, ತುಂಡುಗಳನ್ನು ಹಿತ್ತಲ ಕಸದ ಗುಂಡಿಯಲ್ಲಿ ಹುಗಿದಳು. ಬಂದು ಮತ್ತೆ ಮೊಣಕಾಲೂರಿ ಅವ್ವನ ಮೇಲೆ ಕೂದಲು ಹರಡಿ, ಕಾಯುತ್ತಾ ಕುಳಿತಳು.

ಮಾರನೆಯ ಬೆಳಿಗ್ಗೆ ಆರ್ಲೀನಾ ಕಣ್ಣು ಬಿಟ್ಟು, ಮಜ್ಜಿಗೆಯಲ್ಲಿ ಜೋಳದ ರೊಟ್ಟಿ ನೆನೆಸಿಕೊಡು ಎಂದಳು.

ಭಾನುವಾರ ಸಭೆಯಲ್ಲಿ ಅವಳು ಎದ್ದು ನಿಂತು ಸಾಕ್ಷಿ ಹೇಳಿದಳು: ನನ್ನ ಮಗಳ ಕತ್ತರಿ ಸೋಕದ ಕೂದಲು ನನ್ನನ್ನು ಗೋರಿಯ ಬಾಯಿಂದ ಎಳೆದು ತಂದಿತು. ಪಾದ್ರಿ ಎಸ್ಟಿಲ್ ಅತ್ತ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬುಧವಾರದ ಹೊತ್ತಿಗೆ ಮೂರು ಕಣಿವೆಗಳಿಂದ ಬರತೊಡಗಿದರು. ಸೊಂಟನೋವಿನವರು ಬಂದರು, ಶ್ವಾಸಕೋಶಕ್ಕೆ ಕಲ್ಲಿದ್ದಲ ಧೂಳು ತುಂಬಿದ ಮುದುಕರು ಬಂದರು. ಒಬ್ಬ ತನ್ನ ಬೇಟೆನಾಯಿಯನ್ನು ತಂದ. ಇನ್ನೊಬ್ಬ ಟ್ರಕ್ಕಿನ ಬಾನೆಟ್ ಎತ್ತಿ ನಿಂತು, “ಸಿಸ್ಟರ್, ಒಂದ್ಸಲ ಇದ್ರ ಮೇಲೂ…” ಎಂದ. ನಾಯಿಗೆ ವಾಸಿಯಾಯಿತಂತೆ.

ಕಿಜ್ಜಿಗೆ ನಿದ್ದೆ ಬರದಾಯಿತು. ಕೂದಲಿಗೆ ಶಕ್ತಿಯಿಲ್ಲ ಎಂದರೆ ಅಪ್ಪನನ್ನು ಕೊಂದದ್ದು ತಾನಲ್ಲ. ಅಷ್ಟು ವರ್ಷ ಹೊತ್ತ ಹೊರೆ ಹುಸಿ. ಆದರೆ ಆಗ ತಾನು ಯಾರು? ಹೆತ್ತ ತಾಯಿ ಸಾಯಲಿ ಎಂದು ಕತ್ತರಿ ಹಿಡಿದವಳು, ಅಷ್ಟೇ. ಅದಕ್ಕೆ ಯಾವ ದೇವದೂತನ ಮೇಲೂ ಗೂಬೆ ಕೂರಿಸುವಂತಿಲ್ಲ. ಇನ್ನೂ ಒಂದು ಸಂಗತಿ ಅವಳನ್ನು ಕೊರೆಯುತ್ತಿತ್ತು. ಕಾಯಿಲೆಯಿಂದ ಎದ್ದ ಮೇಲೆ ಅವ್ವ ಶನಿವಾರಗಳಂದು ಟೇಪು ತೆಗೆಯುವುದನ್ನೇ ನಿಲ್ಲಿಸಿಬಿಟ್ಟಿದ್ದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಟ್ವಾಯ್ಲಾ ಎಂಬ ಹುಡುಗಿ ಕಾರಿನಲ್ಲಿ ತನ್ನ ಎಂಟು ತಿಂಗಳ ಕೂಸನ್ನು ತಂದಳು. ಮೈ ಕೆಂಡದಂತೆ ಸುಡುತ್ತಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಳ್ಳುತ್ತಿತ್ತು, ಗಂಟಲಿನಲ್ಲಿ ಸಣ್ಣ ಸಿಳ್ಳೆ. ಅವಳನ್ನು ಜಗಲಿಯ ಮೇಲೆ ಕೂರಿಸಿ ಕಿಜ್ಜಿ ಅಡುಗೆಮನೆಗೆ ಬಂದಳು.

“ಅವ್ವಾ, ಆ ಕೂಸನ್ನ ಆಸ್ಪತ್ರೆಗೆ ಕಳಿಸು.”

“ತುರುಬು ಬಿಚ್ಚು” ಎಂದಳು ಆರ್ಲೀನಾ.

“ನನ್ ಕೂದಲು ಕತ್ತರಿಸಿದ್ದು. ನಿನಗೆ ಕಾಯಿಲೆ ಆಗಿದ್ದಾಗ ನಾನೇ ಕತ್ತರಿಸಿದ್ದು.”

“ಗೊತ್ತು.”

“ನೀನು ಸಾಯ್ಲಿ ಅಂತ ಕತ್ತರಿಸಿದ್ದು.”

“ಅದೂ ಗೊತ್ತು. ದಿನಾ ಬಾಚೋಳು ನಾನಲ್ವಾ?” ಆರ್ಲೀನಾ ಎದ್ದು ಬಂದು ಮಗಳ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಇಟ್ಟಳು. “ಹೊರಗೆ ಹುಡುಗಿ ಕಾಯ್ತಾ ಇದಾಳೆ. ಹೋಗು.”

ಕಿಜ್ಜಿಗೆ ಅಂಥ ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ತನ್ನನ್ನು ಕೊಲ್ಲಲು ನೋಡಿದವಳ ತಲೆಯನ್ನು ಎರಡು ತಿಂಗಳು ಪ್ರತಿ ದಿನ, ಒಂದು ಮಾತೂ ಆಡದೆ, ಅಷ್ಟು ಮೆತ್ತಗೆ ಬಾಚಿದ ಕೈ ಅದು. ಅವಳು ಜಗಲಿಗೆ ಹೋಗಿ, “ಟ್ವಾಯ್ಲಾ, ಇದು ಕತ್ತರಿಸಿದ ಕೂದಲು. ಇದ್ರಲ್ಲಿ ಏನೂ ಇಲ್ಲ. ಡಾಕ್ಟ್ರ ಹತ್ರ ಹೋಗಮ್ಮಾ” ಎಂದಳು.

“ನೋಡು, ಎಷ್ಟು ವಿನಯ!” ಎಂದಳು ಹಿಂದಿನಿಂದ ಆರ್ಲೀನಾ. “ಯಾವಾಗ್ಲೂ ಹೀಗೇ ಅಂತಾಳೆ.”

ಟ್ವಾಯ್ಲಾ ಭಕ್ತಿಯಿಂದ ನಕ್ಕು ಕೂಸನ್ನು ಮುಂದೆ ಚಾಚಿದಳು. ನಿಜ ಹೇಳಿದವಳನ್ನು ಸಂತಳೆಂದು ನಂಬುವ ಜನದೆದುರು ಯಾವ ಮಾತು ಏನು ಮಾಡೀತು? ಕಿಜ್ಜಿ ಒಳಗೆ ಹೋಗಿ ಕತ್ತರಿ ತಂದಳು. ಹುಡುಗಿಯ ಎದುರೇ ನಿಂತು, ಕಿವಿಯ ಹತ್ತಿರ ಹಿಡಿದು ಕತ್ತರಿಸತೊಡಗಿದಳು. ಅಷ್ಟು ದಪ್ಪ ಕೂದಲು ಒಂದೇ ಏಟಿಗೆ ಬರುವುದಿಲ್ಲ. ಹಗ್ಗ ಕೊಯ್ದ ಹಾಗೆ ಕೊಯ್ಯಬೇಕಾಯಿತು. ಟ್ವಾಯ್ಲಾ ಚೀರಿದಳು. ಕೂದಲಿನ ರಾಶಿ ಜಗಲಿಯ ಹಲಗೆಯ ಮೇಲೆ ಬೀಳುವ ಮುಂಚೆಯೇ, ಆ ಮನೆಯ ಮೇಲೆ ಎರಗಲಿರುವ ದೇವರ ಕೋಪದಿಂದ ಕೂಸನ್ನು ಪಾರುಮಾಡಲು, ಕಾರು ತಿರುಗಿಸಿಕೊಂಡು ಪರಾರಿಯಾದಳು.

“ಎಲ್ಲಿಗೆ ಹೋದ್ಲು?” ಎಂದಳು ಕಿಜ್ಜಿ.

“ಅವಳ ಅತ್ತೆ ಆಸ್ಪತ್ರೆಲಿ ಕಸ ಗುಡಿಸ್ತಾಳೆ. ಅಲ್ಲಿಗೇ ಇರ್ಬೇಕು.” ಆರ್ಲೀನಾಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಕುರ್ಚಿಯನ್ನು ರಸ್ತೆ ಕಾಣುವ ಹಾಗೆ ತಿರುಗಿಸಿಕೊಂಡು ಕುಳಿತಳು. “ಇಷ್ಟು ಕತ್ತರಿಸಿದ್ಮೇಲೆ ಯಾರೋ ಸಾಯ್ಬೇಕು.”

ಕಿಜ್ಜಿಯೂ ಪಕ್ಕದಲ್ಲಿ ಕುಳಿತಳು. ನಂಬಿಕೆಯನ್ನು ಕೂದಲಿನ ಹಾಗೆ ಕತ್ತರಿಸಿ ಬಿಸಾಡಲಾಗುವುದಿಲ್ಲ. ಯಾರು ಸಾಯುತ್ತಾರೆ ಎಂದು ಇಬ್ಬರೂ ಕಾದರು. ಹನ್ನೊಂದಕ್ಕೆ ಅಂಚೆಯವನು ಬಂದ. ಬದುಕಿದ್ದ. ಮಧ್ಯಾಹ್ನ ಗಣಿಯ ಅಪಘಾತದ ಸಿಳ್ಳೆ ಹೊಡೆಯಲಿಲ್ಲ. ಪಾಳಿ ಮುಗಿಸಿದವರು ಮುಖವೆಲ್ಲ ಮಸಿಯಾಗಿ, ಕೈಬೀಸುತ್ತಾ ಟ್ರಕ್ಕುಗಳಲ್ಲಿ ಹೋದರು. ಆರ್ಲೀನಾ ಒಬ್ಬೊಬ್ಬರ ಮುಖವನ್ನೂ ಹುಡುಕಿ ನೋಡಿದಳು. ಪಾದ್ರಿ ಎಸ್ಟಿಲ್ ಗೇಟಿನ ತನಕ ಬಂದು, ಹಲಗೆಯ ಮೇಲಿದ್ದ ಕೂದಲನ್ನು ಕಂಡು ವಾಪಸು ಹೋದ. ಅವನೂ ಆರೋಗ್ಯವಾಗಿದ್ದ. ಸಂಜೆ ಐದರ ಹೊತ್ತಿಗೆ ಫೋನು ಬಡಿದುಕೊಂಡಿತು. ಕಿಜ್ಜಿ ಹೋಗಿ ಎತ್ತಿಕೊಂಡಳು, ಕೇಳಿಸಿಕೊಂಡಳು, ಇಟ್ಟಳು. ಮಾಡಿದ್ದು ಮರೆತು ಹೋದ ಹಾಗೆ ಕೈ ಕತ್ತಿನ ಹಿಂದಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ, ನೋವೂ ಇರಲಿಲ್ಲ. ಅಳು ಬಂತು.

“ಕೂಸು ಉಳೀತಂತೆ” ಎಂದಳು ಹೊರಗೆ ಬಂದು. “ಯಾರೂ ಸಾಯ್ಲಿಲ್ಲ ಅವ್ವಾ.”

ಆರ್ಲೀನಾ ಇನ್ನೂ ರಸ್ತೆ ನೋಡುತ್ತಿದ್ದಳು.

“ಅವತ್ತು ಬೆಳಿಗ್ಗೆ ನಿಮ್ಮಪ್ಪ ಗಣಿಗೆ ಹೋಗಲ್ಲ ಅಂದ” ಎಂದಳು. “ಎರಡು ದಿನದಿಂದ ಮೇಲ್ಗಲ್ಲು ಕಿರುಗುಡ್ತಾ ಇದೆ, ಇವತ್ತೊಂದಿನ ಬೇಡ ಆರ್ಲೀನಾ ಅಂದ. ನಂಬಿಕೆ ಇಲ್ದೋನು, ಗಂಡಸಲ್ಲ ಅಂತ ಬೈದೆ. ಊಟದ ಡಬ್ಬಿ ಕೈಗೆ ಕೊಟ್ಟು ಕದ ಹಾಕ್ಕೊಂಡೆ. ಆಚೆ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹೋದ.”

ಕಿಜ್ಜಿ ಮೆಟ್ಟಿಲ ಮೇಲೆ ಕುಳಿತಳು.

“ಮತ್ತೆ ನನ್ ಮೇಲೆ ಯಾಕವ್ವಾ ಹಾಕಿದೆ?”

“ಆಗ ನೀನಿನ್ನೂ ಚಿಕ್ಕೋಳು” ಎಂದಳು ಆರ್ಲೀನಾ. “ತಡ್ಕೋತೀಯ ಅಂದ್ಕೊಂಡೆ.”