ಆಪಾ ಅವರ ಸೋಲಿನ ವಹಿ

ಜ್ಞಾನವೆಂಬುದು ಹಂಚಿದಷ್ಟೂ ಹೆಚ್ಚುವ ಸಂಪತ್ತು, ಅದನ್ನು ಕಳ್ಳರು ಕದಿಯಲಾರರು, ಅರಸರು ಕಸಿಯಲಾರರು ಎಂದು ಹಿರಿಯರು ಹೇಳಿಹೋಗಿದ್ದಾರೆ. ಆ ಹಿರಿಯರಲ್ಲಿ ಯಾರೂ ಕಾಲೇಜಿನ ಗ್ರಂಥಾಲಯದಲ್ಲಿ ನೌಕರಿ ಮಾಡಿದಂತೆ ಕಾಣುವುದಿಲ್ಲ. ಮಾಡಿದ್ದರೆ, ಜ್ಞಾನ ಹಾಳಾಗಲು ಕಳ್ಳರೂ ಬೇಡ, ಅರಸರೂ ಬೇಡ, ಒಬ್ಬ ಗ್ರಂಥಪಾಲಕ ಸಾಕು ಎಂಬುದು ಅವರ ಗಮನಕ್ಕೆ ಬರುತ್ತಿತ್ತು. ಮುದ್ದೇಬಿಹಾಳದಲ್ಲಿ ಆ ಹುದ್ದೆಯಲ್ಲಿ ನಾನಿದ್ದೆ.

ನನ್ನ ಮಾತು ಆಮೇಲೆ. ಮೊದಲು ಒಂದು ತೋರುಬೆರಳಿನ ವಿಷಯ ಹೇಳಬೇಕು. ಸಿಂದಗಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದ ಆಪಾ ಅವರ ಬಲಗೈ ತೋರುಬೆರಳಿನ ತುದಿ ಹಳ್ಳದ ಕಲ್ಲಿನಂತೆ ನುಣ್ಣಗಿತ್ತು. ಮೂವತ್ತು ವರ್ಷ ಕ್ಯಾಟಲಾಗಿನ ಕಾರ್ಡು ತಿರುವಿ ತಿರುವಿ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಹೀಗಾಗಿ ಕಾಲೇಜಿಗೆ ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಬಂದಾಗ, ಅದು ಇಡೀ ಕಾಲೇಜಿನಲ್ಲಿ ಒಂದು ದಿನವೂ ತಡವಾಗಿ ಬರದ ಒಬ್ಬರನ್ನೇ ಹುಡುಕಿ ಗೈರುಹಾಜರು ಎಂದು ಸಾರಿತು. ಆಪಾ ಯಂತ್ರದ ಮುಂದೆ ನಿಂತು ಅದಕ್ಕೇ ನೇರವಾಗಿ ಹೇಳಿದರಂತೆ: "ನೀ ಬಂದು ಇನ್ನಾ ಎಂಟು ದಿನ ಆಗಿಲ್ಲ. ನನಗ ಬಂದಿಲ್ಲ ಅಂತೀಯೇನು?"

ಅವರಿಗೆ ಕೂತು ಗೊತ್ತಿರಲಿಲ್ಲ. ಅವರ ಮೇಜಿನ ಹಿಂದಿನ ಕುರ್ಚಿ ಖರೀದಿಯಾದ ದಿನ ಹೇಗಿತ್ತೋ ನಿವೃತ್ತಿಯ ದಿನವೂ ಹಾಗೇ ಇತ್ತು. ತಲೆಯ ಮೇಲಿನ ಸೆರಗನ್ನು ಒಂದು ಕೈಯಿಂದ ಸರಿಪಡಿಸುತ್ತ, ಇನ್ನೊಂದು ಕೈಯನ್ನು ಪುಸ್ತಕಗಳ ಬೆನ್ನಿನ ಮೇಲೆ ಎಳೆಯುತ್ತ ಕಪಾಟುಗಳ ನಡುವೆ ಅಡ್ಡಾಡುತ್ತಲೇ ಇರುತ್ತಿದ್ದರು. ಮಾತು, ಚಹಾ, ಬೈಗುಳ ಎಲ್ಲವೂ ನಡೆಯುತ್ತಲೇ. ಅವರೊಡನೆ ಅರ್ಧ ತಾಸು ಚರ್ಚೆ ಮಾಡಿದವನಿಗೆ ಮೊಣಕಾಲು ನೋಯುತ್ತಿತ್ತು. ಸಿಂದಗಿಯ ಹಳೆಯ ಮುಸ್ಲಿಂ ಮನೆತನದ ಹೆಣ್ಣುಮಗಳು; ಮನೆಯಲ್ಲಿ ತಮ್ಮಂದಿರು 'ಆಪಾ', ಅಂದರೆ ಅಕ್ಕ, ಎನ್ನುತ್ತಿದ್ದುದು ಕಾಲೇಜಿಗೆ ಬಂದು, ಬಸ್ ಸ್ಟ್ಯಾಂಡಿಗೆ ಹರಡಿ, ಕೊನೆಗೆ ಅವರಿಗಿಂತ ಎರಡು ವರ್ಷ ದೊಡ್ಡವರಾದ ನಮ್ಮ ಬಾಗೇವಾಡಿಯ ಗ್ರಂಥಪಾಲಕರೂ ಭಕ್ತಿಯಿಂದ ಆಪಾ ಎನ್ನುವಂತಾಗಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ನಾವು ನಾಲ್ವರು ಗ್ರಂಥಪಾಲಕರು ಎರಡನೆಯ ಶನಿವಾರ ಸರದಿಯಂತೆ ಒಬ್ಬೊಬ್ಬರ ಗ್ರಂಥಾಲಯದಲ್ಲಿ ಸೇರಬೇಕೆಂದು ಕಟ್ಟಳೆ ಮಾಡಿದವರೂ ಅವರೇ. ಸರ್ಕಾರ ಕರುಣಿಸಿದ ರಜೆಯನ್ನು ಹೀಗೆ ಹಾಳುಮಾಡುವುದು ನನಗೆ ಒಗ್ಗಿರಲಿಲ್ಲ. ಆದರೂ ಮೊದಲ ಸಭೆಗೆ ನನ್ನ ಸಾಧನೆಗಳ ಪಟ್ಟಿ ಬರೆದುಕೊಂಡು ಹೋಗಿದ್ದೆ. ಎರಡನೆಯ ಸಾಧನೆಗೆ ಬರುವಷ್ಟರಲ್ಲಿ ಆಪಾ ತಡೆದರು.

"ಮುದ್ದೇಬಿಹಾಳ ಸರ, ಗೆದ್ದದ್ದು ಮನ್ಯಾಗ ಹೇಳ್ರಿ, ವೈನಿ ಚಾ ಮಾಡಿ ಕೊಡ್ತಾರ. ಇಲ್ಲಿ ಸೋತದ್ದು ಹೇಳ್ರಿ."

ಅದಕ್ಕಾಗಿಯೇ ಒಂದು ದಪ್ಪ ವಹಿ ತಂದಿದ್ದರು. ತಿಂಗಳಿಗೆ ಒಬ್ಬೊಬ್ಬರು ಒಂದೊಂದು ಸೋಲು ತರಬೇಕು: ಓದುಗ ಕೇಳಿದ್ದನ್ನು ಕೊಡಲಾಗದ್ದು, ತಪ್ಪು ಕೊಟ್ಟದ್ದು, ಕಳೆದದ್ದು. ಆಪಾ ಅದನ್ನು ಬರೆದುಕೊಳ್ಳುತ್ತಿದ್ದರು. ನಿಂತೇ, ವಹಿಯನ್ನು ಕಪಾಟಿಗೆ ಒತ್ತಿಹಿಡಿದು.

ಬಾಗೇವಾಡಿಯವರು ಮೊದಲು ಧೈರ್ಯ ಮಾಡಿದರು. ಅವರು ಸಭೆಗೆ ತಪ್ಪದೆ ಶೇಂಗಾ ಹೋಳಿಗೆ ತರುತ್ತಿದ್ದರು. ಸೋಲು ಹೇಳುವಾಗ ಬಾಯಿ ತುಂಬಿರಲಿ ಎಂಬ ಮುಂದಾಲೋಚನೆ. ತೊಗರಿ ಒಣಗುತ್ತಿದೆ ಎಂದು ಬಂದ ರೈತನಿಗೆ ಅವರೊಂದು ಕೃಷಿ ಪುಸ್ತಕ ಕೊಟ್ಟಿದ್ದರಂತೆ. ಅದರಲ್ಲಿದ್ದ ಔಷಧದ ಹೆಸರು ಹಿಡಿದು ರೈತ ಊರೆಲ್ಲ ತಿರುಗಿದ್ದಾನೆ. ಅಂಗಡಿಯವನು ನಕ್ಕು, "ಕಾಕಾ, ಇದು ಬಂದ್ ಆಗಿ ನಿನ್ನ ಮೊಮ್ಮಗನಷ್ಟು ವರ್ಷ ಆತು" ಎಂದಿದ್ದಾನೆ.

ಮರುವಾರವೇ ನಾಲ್ಕೂ ಗ್ರಂಥಾಲಯಗಳ ಹಳೆಯ ಕೃಷಿ ಪುಸ್ತಕಗಳಿಗೆ ಚೀಟಿ ಬಿತ್ತು: ಇದರೊಳಗಿನ ಔಷಧ ಹಳೆಯದು, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಹಾಕಿರಿ. ಒಬ್ಬನ ಮರ್ಯಾದೆ ಹೋದದ್ದಕ್ಕೆ ಮೂವರಿಗೆ ಬುದ್ಧಿ ಬಂತು. ಇಂಡಿಯ ಗ್ರಂಥಪಾಲಕ ನಮ್ಮಲ್ಲಿ ಕಿರಿಯ, ತರಬೇತಿಗಳ ಹುಲಿ. ಅವನು ಇದಕ್ಕೆ 'ಜ್ಞಾನ ನಿರ್ವಹಣೆ' ಎನ್ನುತ್ತಾರೆಂದು ತಿಳಿಸಿದ. "ಹೆಸರ ಛಲೋ ಐತಿ" ಎಂದರು ಆಪಾ. "ಬಾಗೇವಾಡಿ ಸರ, ಇನ್ನೊಂದು ಹೋಳಿಗಿ ತಗೋರಿ, ನೀವು ನಿರ್ವಹಣೆ ಮಾಡೀರಿ."

ಇನ್ನು ನನ್ನ ಮಾತು.

ಗ್ರಂಥಾಲಯವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಾಲ್ವರಲ್ಲಿ ಮೊದಲು ನಡೆದದ್ದು ನನ್ನಲ್ಲಿ. ಇದೂ ಸಾಧನೆಗಳ ಪಟ್ಟಿಯಲ್ಲಿತ್ತು. ಒಂದೇ ಪುಸ್ತಕದ ಪ್ರತಿ ಎರಡಕ್ಕಿಂತ ಹೆಚ್ಚಿದ್ದರೆ ಹೆಚ್ಚಿನವನ್ನು ತೆಗೆದುಹಾಕಬೇಕೆಂದು ಸೂಚನೆ ಬಂದಿತ್ತು. ಟೈಪ್ ಮಾಡುವ ಹುಡುಗಿ ಪಟ್ಟಿ ಕೊಟ್ಟಳು, ನಾನು ಸಹಿ ಹಾಕಿದೆ. ಆ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದರಂತೆ ಕೈಯಿಂದಲೇ ಬರೆದ ಪತ್ರಿಕೆ ಇತ್ತು. ಹನ್ನೆರಡು ವರ್ಷದ ಹನ್ನೆರಡು ಸಂಪುಟ. ಒಂದೇ ಹೆಸರು, ಒಂದೇ ರಟ್ಟು. ಕಂಪ್ಯೂಟರು ಅವನ್ನು ಒಂದೇ ಪುಸ್ತಕದ ಹನ್ನೆರಡು ಪ್ರತಿ ಎಂದು ತಿಳಿಯಿತು. ಹತ್ತು ಸಂಪುಟ ರದ್ದಿಗೆ ಹೋದವು.

ಇದು ಗೊತ್ತಾದದ್ದು ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ತಮ್ಮ ಮೊಮ್ಮಗಳ ಕೈಹಿಡಿದುಕೊಂಡು, ಹತ್ತೊಂಬತ್ತರ ಪ್ರಾಯದಲ್ಲಿ ಆ ಪತ್ರಿಕೆಗೆ ತಾವು ಬರೆದ ಪದ್ಯವನ್ನು ಅವಳಿಗೆ ತೋರಿಸಲು ಬಂದಾಗ. ನಾನು ಕಪಾಟು ನೋಡಿದೆ, ಪಟ್ಟಿ ನೋಡಿದೆ, ಎಲ್ಲವೂ ತಿಳಿಯಿತು. ಹೊರಗೆ ಬಂದು ಹೇಳಿದೆ: "ಬೈಂಡಿಂಗಿಗೆ ಹೋಗ್ಯಾವ್ರಿ."

ಗ್ರಂಥಾಲಯ ಶಾಸ್ತ್ರದಲ್ಲಿ ಇದಕ್ಕಿಂತ ಪುರಾತನವಾದ ವಾಕ್ಯವಿಲ್ಲ. ಜಗತ್ತಿನಲ್ಲಿ ಕಳೆದುಹೋದ ಪುಸ್ತಕಗಳೆಲ್ಲ ಯಾವುದೋ ಬೈಂಡಿಂಗಿನವನ ಹತ್ತಿರವೇ ಇವೆ.

"ಆತ್ರಿ, ಮತ್ತ ಬರ್ತೇನಿ" ಎಂದರು ಅವರು. ಮತ್ತೆ ಬಂದರು. ಮತ್ತೂ ಬಂದರು. ಬಾಗಿಲಲ್ಲಿ ಅವರ ಬಿಳಿ ಟೊಪ್ಪಿಗೆ ಕಂಡರೆ ನಾನು ಹಿಂದಿನ ಕಪಾಟುಗಳ ಕಡೆಗೆ ಸರಿಯುತ್ತಿದ್ದೆ. ಆಗ ನನಗೂ ಕುರ್ಚಿ ಬೇಡವಾಯಿತು.

ಆ ತಿಂಗಳ ಸಭೆ ಸಿಂದಗಿಯಲ್ಲಿ. ನನ್ನ ಸರದಿ ಬಂದಾಗ, ನಿಘಂಟೊಂದು ತಪ್ಪು ಕಪಾಟಿನಲ್ಲಿದ್ದುದರಿಂದ ಹುಡುಗನೊಬ್ಬನಿಗೆ ಸಿಗಲಿಲ್ಲ ಎಂದು ಸೋಲೊಂದನ್ನು ಹೊಲಿದು ಒಪ್ಪಿಸಿದೆ. ಆಪಾ ಬರೆದುಕೊಂಡು, ಪೆನ್ನು ಎತ್ತದೆ ಕೇಳಿದರು:

"ಇಷ್ಟನಾ?"

"ಇಷ್ಟರಿ ಆಪಾ."

"ಮತ್ಯಾಕ ನಿಮ್ಮ ಕಾಲು ಒಂದ ಸವನೆ ಅಲಗಾಡಾಕತ್ತೈತಿ?"

"ಬಸ್ಸಿನ್ಯಾಗ ಕುಂತು ಜೋಮು ಹಿಡಿದೈತ್ರಿ."

ಆಗಲೇ ಇಂಡಿಯವನು, "ನಾವೂ ಮುಂದಿನ ವಾರದಿಂದ ಕಂಪ್ಯೂಟರಿಗೆ ಏರಿಸಾಕತ್ತೇವಿ. ಮುದ್ದೇಬಿಹಾಳ ಸರ, ನಿಮಗ ಏನರೆ ತೊಂದರಿ ಆಗಿತ್ತೇನ್ರಿ?" ಎಂದು ಕೇಳಿದ.

ಇಂಥ ನೇರವಾದ ಪ್ರಶ್ನೆಯನ್ನು ದೇವರು ಮನುಷ್ಯನಿಗೆ ಆಯುಷ್ಯದಲ್ಲಿ ಒಂದೆರಡು ಸಲ ಮಾತ್ರ ಕೇಳಿಸುತ್ತಾನೆ. "ಏನೂ ಇಲ್ಲ, ಸರಳ ಐತಿ" ಎಂದೆ.

ಆಪಾ ಇಂಡಿಯವನಿಗೆ ಒಂದೇ ಮಾತು ಹೇಳಿದರು: "ನನ್ನ ಹಂತಿ ವಹಿ ಜೋಪಾನ ಮತ್ತ."

ಆ ವಹಿಗಳ ಸಂಗತಿ ನಮ್ಮೆಲ್ಲರಿಗೂ ಗೊತ್ತಿತ್ತು. ಆಪಾ ನೌಕರಿ ಶುರುಮಾಡಿದ್ದು ಇಂಡಿಯಲ್ಲಿ. ಕಣದಲ್ಲಿ ಮೇಟಿಯ ಕಂಬದ ಸುತ್ತ ಎತ್ತು ಹೂಡಿ ಜೋಳ ತುಳಿಸುವಾಗ ಹಾಡುವ ಹಂತಿ ಪದಗಳು ಆಗಿನ್ನೂ ಉಳಿದಿದ್ದವು. ರವಿವಾರಕ್ಕೊಂದು ಊರಿನಂತೆ ಹೋಗಿ, ಓದುಬರಹವಿಲ್ಲದ ಮುದುಕರ ಬಾಯಿಂದ ಅವನ್ನು ಊರಿಗೊಂದು ವಹಿಯಲ್ಲಿ ಬರೆದುಕೊಂಡಿದ್ದರು. ಆಮೇಲೆ ರಾಶಿ ಮಾಡುವ ಯಂತ್ರ ಬಂತು, ಎತ್ತು ಹೋದವು, ಹಾಡಿದವರೂ ಹೋದರು. ಯಂತ್ರಕ್ಕೆ ಹಾಡು ಬೇಕಿರಲಿಲ್ಲ. ಬೇಕಿದ್ದರೂ ಆ ಸಪ್ಪಳದಲ್ಲಿ ಕೇಳಿಸುತ್ತಿರಲಿಲ್ಲ. ಆ ಊರುಗಳ ಪದಗಳು ಉಳಿದಿದ್ದದ್ದು ಇಂಡಿಯ ಒಂದು ಕಪಾಟಿನಲ್ಲಿ ಮಾತ್ರ.

ಮೂರು ವಾರ ಕಳೆದು ಒಂದು ಮಧ್ಯಾಹ್ನ ಇಂಡಿಯವನ ಫೋನು ಬಂತು. ಖುಷಿಯಲ್ಲಿದ್ದ.

"ಸರ, ಕೆಲಸ ಮುಗೀತ್ರಿ. ಆಪಾನ ಹಂತಿ ವಹಿ ಎರಡು ಚಂದಂದು ಆರಿಸಿ, ಪ್ಲಾಸ್ಟಿಕ್ ಹೊದಿಕಿ ಹಾಕಿ ಗಾಜಿನ ಕಪಾಟಿನ್ಯಾಗ ಇಟ್ಟೇನಿ. ಕಂಪ್ಯೂಟರ್ ಪಟ್ಟ್ಯಾಗ ಒಟ್ಟ ಇಪ್ಪತ್ತೆರಡು ಕಾಪಿ ಇದ್ವು ನೋಡ್ರಿ! ಉಳಿದ ಇಪ್ಪತ್ತು ರದ್ದ್ಯಾಂವ ಈಗ ಒಯ್ದ."

ನನ್ನ ಕೈಯಲ್ಲಿ ಫೋನು ಇತ್ತು, ಬಾಯಲ್ಲಿ ನಾಲಗೆಯೂ ಇತ್ತು. ಅವು ಕಾಪಿ ಅಲ್ಲ ಎಂದು ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಅವನು ಕೇಳುತ್ತಾನೆ.

"ಛಲೋ ಆತು" ಎಂದೆ.

ಅಂದು ಮನೆಗೆ ಹೋದವನು ಅಂಗಳಕ್ಕೂ ಪಡಸಾಲೆಗೂ ನಡುವೆ ಎಷ್ಟು ಸಲ ಅಡ್ಡಾಡಿದೆನೋ. "ಏನ್ರಿ, ಗಾಣದ ಎತ್ತಿನಂಗ ತಿರಗಾಕತ್ತೀರಿ?" ಎಂದಳು ಹೆಂಡತಿ. ಮುಂಜಾನೆ ಹತ್ತಕ್ಕೆ ಇಂಡಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಜ್ಞಾನ ಹಂಚಿಕೆಯ ಬಗ್ಗೆ ಭಾಷಣ ಕೇಳಲು ಅವನು ವಿಜಯಪುರದ ತರಬೇತಿಗೆ ಹೋಗಿದ್ದ. ಕೊನೆಗೆ ಆಪಾಗೆ ಫೋನು ಮಾಡಿ, ಬಿಳಿ ಟೊಪ್ಪಿಗೆಯ ಪೋಸ್ಟ್ ಮಾಸ್ತರರಿಂದ ಹಿಡಿದು 'ಛಲೋ ಆತು'ವರೆಗೆ ಎಲ್ಲ ಹೇಳಿದೆ.

ಆ ಕಡೆಯಿಂದ ಚಪ್ಪಲಿಯ ಸಪ್ಪಳ ಕೇಳುತ್ತಿತ್ತು, ಅಡ್ಡಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ಸಪ್ಪಳ ನಿಂತಿತು.

"ಬಸ್ ಹತ್ರಿ" ಎಂದರು.

ನಾನು ವಿಜಯಪುರದಲ್ಲಿ ಬಸ್ಸು ಬದಲಿಸಿ ಇಂಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ರದ್ದಿ ಅಂಗಡಿಯ ಒಳಗೆ ಆಪಾ ನೆಲದ ಮೇಲೆ ಕೂತಿದ್ದರು. ಕೂತ ಆಪಾ ಅವರನ್ನು ಮೊದಲ ಸಲ ನೋಡಿದೆ. ಸುತ್ತಲೂ ಹಳೆಯ ಪೇಪರು, ಪರೀಕ್ಷೆಯ ಉತ್ತರಪತ್ರಿಕೆ, ಲಗ್ನಪತ್ರಿಕೆ. ಮಡಿಲಲ್ಲಿ ಎಂಟು ಕಂದು ಬಣ್ಣದ ವಹಿ.

"ಬಂದ್ರಿ? ಆ ಕಡೆ ಒಟ್ಟಲು ನಿಮ್ಮದು. ಕುಂದರ್ರಿ."

ಅಂಗಡಿಯವನು ತಕ್ಕಡಿಗೆ ಒರಗಿ ನಮ್ಮನ್ನು ನೋಡುತ್ತಿದ್ದ. "ಬಾಯಾರ, ಅದರಾಗ ಅಂಥಾದ್ದೇನು ಐತಿ? ಹೊಲದ ಕಾಗದಾ ಏನು?"

"ನಿಮ್ಮ ಊರು ಯಾವುದಪಾ?" ಎಂದು ಆಪಾ ಕೇಳಿದರು. ಅವನು ಹೇಳಿದ. ಆಪಾ ಮಡಿಲಿನ ವಹಿಗಳಲ್ಲಿ ಆ ಊರಿನದನ್ನು ತೆರೆದು, ನಾಲ್ಕು ಸಾಲು ಓದಿದರು. ಹಾಡಲಿಲ್ಲ, ಬರಿ ಓದಿದರು. ಅವನು ತಕ್ಕಡಿ ಬಿಟ್ಟು ಹತ್ತಿರ ಬಂದ.

"ಇದು ನಮ್ಮ ಮುತ್ಯಾ ಅಂತಿದ್ದ."

"ಹಂಗಾದ್ರ ನೀನೂ ಹುಡುಕು."

ಮೂವರೂ ಹುಡುಕಿದೆವು. ಹದಿನೈದು ಸಿಕ್ಕವು. ಉಳಿದ ಐದರ ಬಗ್ಗೆ ಅವನು ತಲೆ ಕೆರೆದುಕೊಂಡ: "ಮುಂಜಾನಿ ಎಂಟಕ್ಕ ಒಂದು ಗಂಟು ಸೋಲಾಪುರದ ಲಾರಿಗಿ ಹಾಕಿದೆ ನೋಡ್ರಿ. ನಿನ್ನಿ ಬಂದಿದ್ರ ಎಲ್ಲಾ ಇಲ್ಲೇ ಇದ್ವು."

ಆಪಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಸಂಜೆಗೆ ಇಂಡಿಯವನು ತರಬೇತಿಯ ಬಿಲ್ಲೆ ಕೊರಳಲ್ಲಿರುವಂತೆಯೇ ಓಡಿಬಂದ. ಸಂಗತಿ ತಿಳಿದು ಕಣ್ಣಲ್ಲಿ ನೀರು ತಂದುಕೊಂಡ. ಆಪಾ ಚೀಲದಿಂದ ಸೋಲಿನ ವಹಿ ತೆಗೆದರು. ನಮ್ಮ ಹೆಸರು ಮೊದಲು ಬರುತ್ತದೆಂದು ನಾವಿಬ್ಬರೂ ತಲೆತಗ್ಗಿಸಿ ನಿಂತೆವು. ಅವರು ಬರೆದು, ಗಟ್ಟಿಯಾಗಿ ಓದಿದರು:

"ಸಿಂದಗಿ. ಇಪ್ಪತ್ತೆರಡು ವಹಿಗೂ ಒಂದೇ ಹೆಸರು ಹಾಕಿದೆ. ಊರ ಹೆಸರು ಒಳಗ ಬರದಿಟ್ಟೆ, ರಟ್ಟಿನ ಮ್ಯಾಲ ಬರೀಲಿಲ್ಲ. ನನಗ ಗೊತ್ತಿತ್ತು, ಅದಕ್ಕ ಎಲ್ಲಾರಿಗೂ ಗೊತ್ತೈತಿ ಅಂದ್ಕೊಂಡೆ."

ಆಮೇಲೆ ಪೆನ್ನು ನನ್ನ ಕಡೆ ಚಾಚಿದರು. "ಈಗ ನೀವ ಬರೀರಿ. ನಿಘಂಟಿಂದು ಹೊಡದು ಹಾಕ್ರಿ."

ಬರೆದೆ. ನಿಘಂಟಿನ ಸೋಲನ್ನೂ ಹೊಡೆದುಹಾಕಿದೆ. ಪೋಸ್ಟ್ ಮಾಸ್ತರರು ಮತ್ತೆ ಬಂದಾಗ ನಿಜ ಹೇಳಿದೆ. ಅವರು ಕೇಳಿಸಿಕೊಂಡು, ನಮಸ್ಕಾರ ಮಾಡಿ, ಮೊಮ್ಮಗಳ ಕೈಹಿಡಿದು ಹೋದರು. ಆಮೇಲೆ ಬರಲಿಲ್ಲ.

ಮುಂದಿನ ಎರಡನೆಯ ಶನಿವಾರಗಳಲ್ಲಿ, ಹೋದ ಐದು ಊರಿನ ಪದಗಳಲ್ಲಿ ನೆನಪಿದ್ದಷ್ಟನ್ನು ಆಪಾ ಹೇಳಿದರು, ನಾವು ಬರೆದೆವು. ನಡುವೆ ತಪ್ಪಿದರೆ ನಿಂತುಬಿಡುತ್ತಿದ್ದರು. ಒಮ್ಮೆ ಬಾಗೇವಾಡಿಯವರು, "ಆಪಾ, ಒಂದು ಸಾಲು ಅಲ್ಲೇನ್ರಿ, ಹೊಂದಿಸಿಬಿಡ್ರಿ, ಯಾರಿಗಿ ತಿಳೀತೈತಿ?" ಎಂದರು.

"ಹಾಡಿದ ಮುತ್ಯಾಗ ತಿಳೀತೈತಿ" ಎಂದರು ಆಪಾ. "ಗೊತ್ತಿಲ್ಲ ಅಂತ ಬರೀರಿ. ಅದೂ ಒಂದು ಮಾಹಿತಿ ಐತಿ."

ನಿವೃತ್ತರಾದ ಮೇಲೂ ಎರಡು ವರ್ಷ ಸಭೆಗೆ ಬಂದರು. ಒಂದು ರಮಜಾನಿನ ನಂತರ ಕಾಲು ಊದಿ ಹಾಸಿಗೆ ಹಿಡಿದರು. ಅವರನ್ನು ಮಲಗಿಸಿದ್ದೇ ಕಾಯಿಲೆಯ ಪರಾಕ್ರಮ. ಸಿಂದಗಿಯಲ್ಲಿ ಮಣ್ಣು ಕೊಡುವಾಗ ನಾವು ಮೂವರೂ ಇದ್ದೆವು, ಮೂರು ಹಿಡಿ ಹಾಕಿದೆವು. ಸಭೆ ಈಗಲೂ ನಡೆಯುತ್ತದೆ. ಬರೆಯುವ ಕೆಲಸ ನನಗೆ ಬಂದಿದೆ, ನಿಂತೇ ಬರೆಯುತ್ತೇನೆ. ಹೊಸದಾಗಿ ಬಂದವರು ನಿಮ್ಮ ದೊಡ್ಡ ಸೋಲು ಯಾವುದೆಂದು ಕೇಳಿದರೆ ಪುಟ ತೆರೆದು ಓದಲು ಕೊಡುತ್ತೇನೆ.

ಹಂತಿ ವಹಿಗಳು ಇಂಡಿಯ ಗಾಜಿನ ಕಪಾಟಿನಲ್ಲಿವೆ, ರಟ್ಟಿನ ಮೇಲೆ ಊರ ಹೆಸರಿದೆ. ಇಪ್ಪತ್ತೆರಡರಲ್ಲಿ ಹದಿನೇಳು ಇವೆ. ಐದು ಇಲ್ಲ.