ಹೃದಯದ ಕೆಳಗಿನ ಕಪ್ಪು ಗೆರೆ

ನಫೀಸಾ, ನಿನ್ನ ಹೃದಯದ ಸುತ್ತ ರಕ್ತ ಸೇರತೊಡಗಿದ್ದನ್ನು ನಾನು ಕಂಡಿದ್ದೆ. ಕಂಡೂ ರಿಪೋರ್ಟಿನಲ್ಲಿ ‘ಏನೂ ಇಲ್ಲ’ ಎಂದು ಬರೆದೆ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಹುಟ್ಟಿನಿಂದಲೇ ನಿನ್ನ ಹೃದಯದ ಗೋಡೆಯಲ್ಲಿ ತೂತಿತ್ತು. ಎದೆ ಕೊಯ್ದ ಗುರುತು ಬೇಡವೆಂದು, ತೊಡೆಸಂದಿನ ರಕ್ತನಾಳದಿಂದ ಕೊಳವೆ ಹಾಯಿಸಿ ಮುಚ್ಚುವ ಚಿಕಿತ್ಸೆಗೆ ನಿನ್ನ ಮನೆಯವರು ಒಪ್ಪಿದ್ದರು. ಪುಟ್ಟ ಕೊಡೆಯಂಥ ಮುಚ್ಚಳ ಸರಿಯಾಗಿಯೇ ಕೂತಿತು. ಆದರೆ ಅದರ ಅಂಚು ಹೃದಯದ ಗೋಡೆಗೆ ಉಜ್ಜಿ ಗಾಯ ಮಾಡುವುದುಂಟು. ಅದಕ್ಕೇ ಮರುದಿನ ಬೆಳಿಗ್ಗೆ, ಮನೆಗೆ ಕಳುಹಿಸುವ ಮುನ್ನ, ಎಕೋ ಸ್ಕ್ಯಾನ್ ಮಾಡಿ ನೋಡಬೇಕು. ಅದು ನನ್ನ ಕೆಲಸ.

“ಅಕ್ಕ, ಉಸಿರು ಎಳೆಯುವಾಗ ಇಲ್ಲಿ ಚುಚ್ಚಿದ ಹಾಗೆ ಆಗ್ತದೆ. ಎಂತಾದ್ರೂ ಉಂಟಾ?” ಎಂದು ಕೇಳಿದೆ ನೀನು.

ಪರದೆಯಲ್ಲಿ, ಹೃದಯದ ಕೆಳಗೆ, ತೆಳ್ಳಗೆ ಒಂದು ಕಪ್ಪು ಗೆರೆ — ಸೇರತೊಡಗಿದ ರಕ್ತ. ಡಾಕ್ಟರನ್ನು ಕರೆದರೆ ಎಲ್ಲ ಮತ್ತೆ ಮೊದಲಿನಿಂದ ನೋಡಬೇಕು — ಮಧ್ಯಾಹ್ನವಾಗುತ್ತದೆ. ಸುರತ್ಕಲ್‌ನಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ರೇಷ್ಮೆ ಸೀರೆ ಉಟ್ಟೇ ಬಂದಿದ್ದೆ. ಜೆಲ್ ತಾಗೀತೆಂದು ಎಡಗೈಯಲ್ಲಿ ಸೆರಗು ಎತ್ತಿ ಹಿಡಿದಿದ್ದೆ. ಆ ಕೈಯನ್ನು ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ.

“ಎಂತ ಇಲ್ಲ ಮಾರಾಯ್ತಿ, ಗ್ಯಾಸು,” ಎಂದೆ.

ಮೂರನೆಯ ದಿನ ಜೆಪ್ಪುವಿನ ಮನೆಯಲ್ಲಿ ನೀನು ಕುಸಿದುಬಿದ್ದೆ. ಎದೆ ತೆರೆದು, ರಕ್ತ ಹೊರತೆಗೆದು, ಮುಚ್ಚಳ ಕಿತ್ತು, ತೂತಿಗೆ ತೇಪೆ ಹೊಲಿದರು. ಆ ಹೊತ್ತಿನಲ್ಲಿ ನಾನು — ನಿನಗಾಗಿ ಪ್ರಾರ್ಥಿಸುತ್ತಿರಲಿಲ್ಲ. ಎಕೋ ಕೋಣೆಯ ಬಾಗಿಲು ಹಾಕಿಕೊಂಡು ನಿನ್ನ ಸ್ಕ್ಯಾನಿನ ಚಿತ್ರಗಳನ್ನು ಅಳಿಸುತ್ತಿದ್ದೆ. ಪೂರ್ತಿ ಹೋಯಿತೇ ಎಂದು ಎರಡು ಸಲ ನೋಡಿದೆ.

“ಅಪರೂಪಕ್ಕೆ ಹೀಗೂ ಆಗ್ತದೆ,” ಎಂದರು ಡಾಕ್ಟರು — ನನ್ನ ರಿಪೋರ್ಟು ನಂಬಿ. ನಿನ್ನ ತಾಯಿ ನನ್ನ ಕೈ ಹಿಡಿದುಕೊಂಡರು. “ನೀವು ಸರಿ ನೋಡಿಯೇ ಕಳಿಸಿದ್ದಲ್ವಾ ಮೇಡಂ. ಅಲ್ಲಾಹು ಬರೆದದ್ದಕ್ಕೆ ಎಂತ ಮಾಡ್ಲಿಕ್ಕಾಗ್ತದೆ?”

ನಾನು ತಲೆಯಾಡಿಸಿದೆ. ಆ ತಾಯಿ ಹೇಳಿದ ಸಮಾಧಾನವನ್ನೂ ನನಗೇ ಇಟ್ಟುಕೊಂಡೆ.

ಕಳೆದ ವಾರ ನೀನು ತಪಾಸಣೆಗೆ ಬಂದೆ. ಕೊರಳಿನಿಂದ ಕೆಳಗಿಳಿದ ಆ ಉದ್ದ ಗಾಯದ ಗುರುತಿನ ಪಕ್ಕದಲ್ಲೇ ಸ್ಕ್ಯಾನಿನ ಪ್ರೋಬ್ ಇಟ್ಟು ನೋಡಿದೆ. “ಅಕ್ಕ, ನೀವು ಆರಾಮ ಅಲ್ವಾ?” ಎಂದು ನಕ್ಕೆ ನೀನು. ಅಂದು ಮನೆಗೆ ಹೋದವಳು ಇದನ್ನೆಲ್ಲ ಬರೆಯಲು ಕೂತೆ.

ಚಿತ್ರ ಅಳಿಸಿದ್ದನ್ನೂ ಸೇರಿಸಿ ಎಲ್ಲವನ್ನೂ ನಿನ್ನೆ ಆಸ್ಪತ್ರೆಗೆ ಬರೆದುಕೊಟ್ಟೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ನಿಮ್ಮ ಅಂಗಳದಲ್ಲಿ ನಿಂತಿರುತ್ತೇನೆ. ಒಳಗೆ ಕರೆಯಬೇಡ. ನಿನ್ನ ತಾಯಿಗೂ ಓದಿ ಹೇಳು. ಅವರು ಏನು ಹೇಳಿದರೂ ಪೂರ್ತಿ ಕೇಳಿಯೇ ಹೋಗುತ್ತೇನೆ.